ಹಿಂದುಮುಂದಾಗಿ ಹೊರಟ ಟ್ರ್ಯಾಕ್ಟರ್

ಬಚಿಂತ್ ಕೌರ್ ತನ್ನ ಮದುವೆಯ ಪೆಟ್ಟಿಗೆಯನ್ನು ಕೊಯ್ದ ದಿನ ರೋಹಿವಾಲದ ಮೂರು ಓಣಿಗಳಿಗೂ ಸದ್ದು ಕೇಳಿಸಿತ್ತು. ನಾನು ಪಕ್ಕದ ಮನೆಯ ಸೊಸೆ, ಅವಳನ್ನು ಚಾಚಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವವಳು. ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಹೋಗಿ ನೋಡಿದೆ. ತವರಿನವರು ಕೊಟ್ಟ ಆಳೆತ್ತರದ ತಗಡಿನ ಪೆಟ್ಟಿಗೆ ಅದು. ನಮ್ಮಲ್ಲಿ ಅದಿಲ್ಲದೆ ಮದುಮಗಳು ಅತ್ತೆಮನೆಗೆ ಬರುವುದಿಲ್ಲ. ಒಳಗೆ ಅತಿಥಿಗಳಿಗೆಂದು ಹತ್ತಿ ತುಂಬಿದ ದಪ್ಪ ಹೊದಿಕೆಗಳು, ಇಪ್ಪತ್ತು ರಜಾಯಿ. ಇಪ್ಪತ್ತೆಂಟು ವರ್ಷ ಚಾಚಿ ಪ್ರತಿ ಚಳಿಗಾಲ ಅವನ್ನು ಹೊರತೆಗೆದು, ಬಿಸಿಲಿಗೆ ಹಾಕಿ, ಬಡಿದು, ಹೊಲಿಗೆ ಬಿಟ್ಟಲ್ಲಿ ಹೊಲಿದು, ಬೇವಿನ ಸೊಪ್ಪಿಟ್ಟು ಮತ್ತೆ ಜೋಡಿಸಿದ್ದಳು. ಮೇಲಿನ ನಾಲ್ಕು ಬಿಟ್ಟರೆ ಉಳಿದವು ಯಾರ ಮೈಗೂ ತಾಗಿರಲಿಲ್ಲ.

“ಇವಳು ಪೆಟ್ಟಿಗೆ ಕೊಯ್ತಿಲ್ಲ, ನನ್ನ ಮೂಗು ಕೊಯ್ತಿದ್ದಾಳೆ!” ಎಂದು ಚಾಚಿಯ ಅತ್ತೆ ಬೇಬೆ ಮಂಚದ ಮೇಲಿಂದ ಕೂಗುತ್ತಿದ್ದಳು. “ನೆಂಟರು ಬಂದ್ರೆ ರಜಾಯಿ ಎಲ್ಲಿಂದ ತೆಗೀತೀಯೇ?”

“ಬರೋರು ಮೊದಲೇ ಹೇಳಿ ಬರ್ಲಿ ಬೇಬೆ. ಈಗ ಎಲ್ಲರ ಕೈಲೂ ಫೋನಿದೆ.”

ಚಾಚಿಯ ಗಂಡ ಲಾಭ್ ಸಿಂಗನದು ವೆಲ್ಡಿಂಗ್ ಅಂಗಡಿ. ಅಂಗಡಿಯ ಅರ್ಧ ಕೆಲಸ ಅವಳದು, ಬೋರ್ಡಿನ ಮೇಲೆ ಪೂರ್ತಿ ಹೆಸರು ಅವನದು. ಹಿಡಿ ಎಂದಾಗ ಹಿಡಿದು, ಕೊಡು ಎಂದಾಗ ಕೊಟ್ಟು, ಅವನು ಚಹಾ ಕುಡಿಯಲು ಹೋದಾಗ ಬೆಸೆದು, ಕಬ್ಬಿಣದ ಗುಣವನ್ನೆಲ್ಲ ಅವಳು ಕಲಿತುಬಿಟ್ಟಿದ್ದಳು. ಗುಜರಿಯಿಂದ ಹಳೆಯ ಬಸ್ಸಿನ ಅಚ್ಚು, ಎರಡು ಗಾಲಿ, ದಪ್ಪ ಪಟ್ಟಿಗಳನ್ನು ತಂದು, ಭಾರದ ಹೊರೆ ಸಾಗಿಸಲೆಂದು ಮೊಣಕಾಲೆತ್ತರದ ಟ್ರೇಲರ್ ಕಟ್ಟಿದಳು. ನೆಲಕ್ಕೆ ಹಲಗೆ, ಸುತ್ತ ಪೆಟ್ಟಿಗೆಯ ತಗಡು. ಪೆಟ್ಟಿಗೆಯ ಮುಂಭಾಗದಲ್ಲಿದ್ದ ನೀಲಿ ನವಿಲು ಈಗ ಟ್ರೇಲರಿನ ಎದೆಯ ಮೇಲೆ.

ಬೇಬೆ ಒಂದು ಷರತ್ತು ಹಾಕಿದಳು. “ಮೊದಲನೇ ಹೊರೆ ಊರು ಮುಟ್ಟಿದ್ರೆ ನಿನ್ನ ಗಾಡಿ ನಿನ್ನದು. ದಾರೀಲಿ ಬಿದ್ರೆ ಗುಜರಿಗೆ ಹಾಕಿ ಹೊಸ ಪೆಟ್ಟಿಗೆ ತರ್ಬೇಕು, ರಜಾಯಿ ಒಳಗೆ ಹೋಗ್ಬೇಕು.”

“ಆಯ್ತು. ಹೊರೆ ಸಾಗಿಸೋ ದಿನ ರೊಟ್ಟಿ ನಿಮ್ಮ ಮಗ ಮಾಡ್ಬೇಕು,” ಎಂದಳು ಚಾಚಿ.

ಲಾಭ್ ಸಿಂಗ್ ತಲೆಯೆತ್ತಿದ. “ನನ್ನನ್ಯಾಕೆ ಮಧ್ಯೆ ಎಳೀತೀಯೇ ಭಾಗ್ಯವಂತೆ?”

“ನೀನೂ ಇದೇ ಮನೇಲಿ ಉಣ್ತೀಯಲ್ಲ, ಅದಕ್ಕೆ.”

ಮೊದಲ ಹೊರೆ ಫಾಲ್ಗುಣದಲ್ಲಿ ಬಂತು. ನಮ್ಮೂರಿನ ಹಿರಿಯ ಸಂಪೂರಣ್ ಸಿಂಗರ ತಂದೆಯ ಕಾಲದ ಕೆಂಪು ಟ್ರ್ಯಾಕ್ಟರ್, ಎಂಜಿನ್ ಕೆಟ್ಟು ಹತ್ತು ವರ್ಷವಾಗಿತ್ತು, ದೂರ ಎಳೆದೊಯ್ಯಲು ಟೈರುಗಳೂ ಬಿರಿದಿದ್ದವು. ಅದನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುತ್ತೇನೆಂದು ಹದಿನೆಂಟು ಕಿಲೋಮೀಟರ್ ಆಚೆಯ ಅತ್ತೆಮನೆಯಿಂದ ಅವರ ಮಗಳು ಹೇಳಿಕಳಿಸಿದ್ದಳು. ದಾರಿಯಲ್ಲಿ ರೈಲುಹಳಿಯ ಕೆಳಗೆ ಗಿಡ್ಡ ಸೇತುವೆ. ಲಾರಿಯ ಮೇಲೇರಿಸಿದರೆ ಟ್ರ್ಯಾಕ್ಟರಿನ ಹೊಗೆಕೊಳವೆ ತಾಗುತ್ತದೆ. ಚಾಚಿಯ ಗಿಡ್ಡ ಗಾಡಿಯೊಂದೇ ಗತಿ.

ಬೆಳಿಗ್ಗೆ ಚಾಚಿ ಕಾಲುವೆಯ ಏರಿಗೆ ಟ್ರೇಲರಿನ ಹಿಂಬದಿ ತಾಗಿಸಿ ನಿಲ್ಲಿಸಿದಳು. ಏರಿ, ಹಲಗೆ ಎರಡೂ ಒಂದೇ ಮಟ್ಟಕ್ಕೆ ಬಂದವು. ಬಣ್ಣ ಕಿತ್ತರೆ ಮಗಳು ಬಯ್ಯುತ್ತಾಳೆಂದು ಸಂಪೂರಣ್ ಸಿಂಗರು ಕೊರಗುತ್ತಿದ್ದುದರಿಂದ, ಟ್ರ್ಯಾಕ್ಟರನ್ನು ಬಿಗಿಯುವ ಸರಪಳಿಯ ಅಡಿಗೆ ಹಾಕಲು ಆರು ರಜಾಯಿಗಳೂ ಬಂದಿದ್ದವು.

“ಚಾಚಾಜಿ, ಹಿಂದುಮುಂದಾಗಿ ಹತ್ತಿಸೋಣ. ದೊಡ್ಡ ಗಾಲಿ ಮುಂದಕ್ಕೆ ಬರ್ಲಿ,” ಎಂದಳು.

ಗಂಡಸರು ನಕ್ಕರು. “ಹುಡುಗಿ, ನಮ್ಮಪ್ಪನ ಟ್ರ್ಯಾಕ್ಟರ್ ಬೆನ್ನು ಮುಂದಾಗಿ ಮಗಳ ಮನೆಗೆ ಹೋಗೋದಾ? ಜನ ಏನಂದಾರು?” ಎಂದರು ಸಂಪೂರಣ್ ಸಿಂಗರು. ಲಾಭ್ ಸಿಂಗನೂ ಅತ್ತಲೇ ತಲೆಯಾಡಿಸಿದ. ಎಂಟು ಜನ ಸೇರಿ ಮೂತಿ ಮುಂದಾಗಿಯೇ ತಳ್ಳಿದರು.

ಲಾಭ್ ಸಿಂಗ್ ತನ್ನ ಟ್ರ್ಯಾಕ್ಟರಿನಿಂದ ಎಳೆದದ್ದು ಹತ್ತು ಮಾರು. ಹೊರೆಯ ಭಾರವೆಲ್ಲ ಅಚ್ಚಿನ ಹಿಂದೆ ಕೂತು, ಕೊಂಡಿ ಕಿರುಗುಟ್ಟಿ ಮೇಲಕ್ಕೆದ್ದಿತು. ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ನೆಲ ಬಿಟ್ಟಂತೆ ಸುಮ್ಮನೆ ತಿರುಗಿ ಎಲ್ಲರ ಪೇಟದ ಮೇಲೂ ಕೆಸರೆರಚಿದವು. ತಗಡಿನ ನವಿಲು ಆಕಾಶಕ್ಕೆ ಹಾರಲು ಹೊರಟಂತಿತ್ತು.

ಚಪ್ಪಲಿ ಹಾಕಿಕೊಂಡು ನೋಡಲು ಬಂದಿದ್ದ ಬೇಬೆ, “ಹೊಸ ಪೆಟ್ಟಿಗೆಗೆ ಬಣ್ಣ ಯಾವುದಿರ್ಲಿ?” ಎಂದಳು.

ಚಾಚಿ ನಗಲಿಲ್ಲ. “ಬೇಬೆ, ನೀವು ಹೊಲದಿಂದ ಮೇವಿನ ಹೊರೆ ತರ್ತಿದ್ರಲ್ಲ, ತಲೆ ಮೇಲೆ ಎಲ್ಲಿಡ್ತಿದ್ರಿ?”

“ತುಸು ಮುಂದಕ್ಕೆ. ಹಿಂದೆ ಇಟ್ರೆ ಕತ್ತು ಮುರಿಯುತ್ತೆ. ಅಷ್ಟೂ ಗೊತ್ತಿಲ್ವಾ?”

“ನನಗೆ ಗೊತ್ತು. ಇವರಿಗೆ ಹೇಳಿ. ಇವರ್ಯಾರೂ ತಲೆ ಮೇಲೆ ಹೊತ್ತವರಲ್ಲ.”

ಬೇಬೆ ಟ್ರೇಲರನ್ನೊಮ್ಮೆ, ಎದ್ದು ನಿಂತ ಕೊಂಡಿಯನ್ನೊಮ್ಮೆ ನೋಡಿದಳು. ತಿರುಗಿ ಮಗನಿಗೆ, “ಇಳಿಸೋ, ಮೂರ್ಖ! ತಿರುಗಿಸಿ ಹತ್ತಿಸು!” ಎಂದು ಗದರಿದಳು.

ಸಂಪೂರಣ್ ಸಿಂಗರ ಮುಖ ಮಾತ್ರ ಸಪ್ಪಗಿತ್ತು. ಚಾಚಿ ಅವರ ಬಳಿ ಹೋದಳು. “ಚಾಚಾಜಿ, ಊರನ್ನ ನೋಡ್ತಾ ಹೋಗ್ಲಿ ಬಿಡಿ. ನಾವೆಲ್ಲ ತವರು ಬಿಟ್ಟಾಗ ಹಾಗೇ ಹೋದೋರು, ಹಿಂದಕ್ಕೆ ನೋಡ್ತಾ. ನಿಮ್ಮ ಮಗಳೂ.”

ಮುದುಕರು ಗಡ್ಡ ಸವರಿಕೊಂಡರು. “ಹೌದು. ಆ ತಿರುವಿನವರೆಗೂ ನೋಡ್ತಿದ್ಳು,” ಎಂದು ತಾವೇ ಮೊದಲು ಹೋಗಿ ಗಾಲಿಗೆ ಕೈ ಹಚ್ಚಿದರು.

ಈ ಸಲ ಕೊಂಡಿ ಮೇಲೇಳಲಿಲ್ಲ. ಚಾಚಿ ಗಂಡನನ್ನು ಇಳಿಸಿ ತಾನೇ ಸ್ಟಿಯರಿಂಗ್ ಹಿಡಿದಳು. ನಾನು ರಜಾಯಿಗಳು ಜಾರದಂತೆ ಕಾಯಲು ಹಿಂದೆ ಕುಳಿತೆ. ಗಿಡ್ಡ ಸೇತುವೆಯ ಕೆಳಗೆ ಹೊಗೆಕೊಳವೆಗೂ ಇಟ್ಟಿಗೆಗೂ ನಡುವೆ ಒಂದು ಗೇಣು ಉಳಿಯಿತು. ಸಾಸಿವೆ ಹೊಲಗಳ ನಡುವೆ ಕೆಂಪು ಟ್ರ್ಯಾಕ್ಟರ್ ರೋಹಿವಾಲವನ್ನು ನೋಡುತ್ತಲೇ ಹೋಯಿತು. ಮಗಳು ನಮ್ಮ ರೂಢಿಯಂತೆ ಶುಭಕ್ಕೆಂದು ಬಾಗಿಲಲ್ಲಿ ಎಣ್ಣೆ ಹೊಯ್ದು ಬರಮಾಡಿಕೊಂಡು, ಅಜ್ಜನ ಸೀಟಿನ ಮೇಲೆ ಹತ್ತಿ ಕುಳಿತವಳು ಚಹಾ ಆರುವವರೆಗೂ ಇಳಿಯಲಿಲ್ಲ.

ಹಿಂತಿರುಗಿದಾಗ ಮಧ್ಯಾಹ್ನದ ರೊಟ್ಟಿ ಸಿದ್ಧವಾಗಿತ್ತು. ಒಂದೊಂದೂ ಒಂದೊಂದು ಜಿಲ್ಲೆಯ ನಕ್ಷೆಯಂತೆ.

“ಮುಟ್ತಾ?” ಎಂದು ಕೇಳಿದಳು ಬೇಬೆ.

“ಮುಟ್ಟಿತು. ಇಪ್ಪತ್ತೆಂಟು ವರ್ಷಕ್ಕೆ ನಿಮ್ಮ ರಜಾಯಿಗೆ ಅತಿಥಿಯೂ ಸಿಕ್ಕಿತು.”

ಬೇಬೆ ಒಂದು ರಜಾಯಿ ಬಿಡಿಸಿ ನೋಡಿದಳು. ಅಂಗೈಯಗಲ ಗ್ರೀಸು. “ಇದನ್ನ ಯಾರು ಒಗೀತಾರೆ?”

ರೂಢಿಯಂತೆ ಎಲ್ಲರೂ ಚಾಚಿಯನ್ನು ನೋಡಿದೆವು, ನಾನು ಕೂಡ. ಚಾಚಿ ಗ್ರೀಸಿನ ಡಬ್ಬಿ ತೆಗೆದುಕೊಂಡು ಅಚ್ಚಿಗೆ ಬಳಿಯಲು ಗಾಡಿಯ ಕೆಳಗೆ ನುಸುಳಿದಳು. “ಇವತ್ತು ಗಾಡಿ ನನ್ನದಾಯ್ತಲ್ಲ. ಅದರ ಕೆಲಸ ನನಗಿದೆ,” ಎಂಬ ದನಿ ಮಾತ್ರ ಬಂತು.

ಸ್ವಲ್ಪ ಹೊತ್ತಿಗೆ ಕೈಪಂಪಿನ ಬಳಿ ಲಾಭ್ ಸಿಂಗ್ ಪೈಜಾಮ ಮೇಲೆತ್ತಿ ರಜಾಯಿ ತುಳಿಯುತ್ತಿದ್ದ. ಬೇಬೆ ಮಂಚ ಎಳೆಸಿಕೊಂಡು ಎದುರಿಗೆ ಕುಳಿತಿದ್ದಳು.

“ಮೂಲೆ ಬಿಟ್ಟೆ ನೋಡು. ಹೂಂ, ಇನ್ನೂ ಐದಿವೆ.”