ಪೇಟಿ ಮಾಸ್ತರರ ಗಾಡಿ ವಾಲಿದ್ದೇಕೆ

ಲಾಕ್‌ಡೌನ್ ಮುಗಿದು ಹಳ್ಳಿಗಳಲ್ಲಿ ಮತ್ತೆ ನಾಟಕದ ತಾಲೀಮು ಶುರುವಾಗಿದ್ದ ವರ್ಷ ಅದು. ಆಗ ನಾನು ಬೆಟಗೇರಿಯಲ್ಲಿ ಸ್ವಂತ ಗ್ಯಾರೇಜ್ ನಡೆಸುತ್ತಿದ್ದೆ. ಹೊಸ ಗಾಡಿಗಳನ್ನು ಮುಟ್ಟುತ್ತಿರಲಿಲ್ಲ. ಸೊಕ್ಕಿನಿಂದಲ್ಲ, ಕಂಪ್ಯೂಟರ್ ಹಚ್ಚಿ ರೋಗ ಕೇಳಬೇಕಾದ ಗಾಡಿಗೂ ನನಗೂ ಮಾತು ಹೊಂದುವುದಿಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳೆಯ ಟೂ-ಸ್ಟ್ರೋಕ್ ಗಾಡಿಗಳು ಊರೆಲ್ಲ ಸುತ್ತಿ, ಸಿಕ್ಕ ಸಿಕ್ಕವರ ಕೈಯಲ್ಲಿ ಹಾಳಾಗಿ, ಕೊನೆಗೆ ನನ್ನ ಬಾಗಿಲಿಗೆ ಬರುತ್ತಿದ್ದವು.

ಹಾಗೆ ಬಂದವುಗಳಲ್ಲಿ ಫಕೀರಪ್ಪ ಮಾಸ್ತರರ ಗಾಡಿಯೂ ಒಂದು. ಮಾಸ್ತರರೆಂದರೆ ಶಾಲೆಯವರಲ್ಲ, ಪೇಟಿ ಮಾಸ್ತರರು. ಹಾರ್ಮೋನಿಯಂ ಪೆಟ್ಟಿಗೆಯನ್ನು ಕ್ಯಾರಿಯರ್‌ಗೆ ಬಿಗಿದುಕೊಂಡು ಬೆಳ್ಳಟ್ಟಿಯಿಂದ ಸಿಂಗಟಾಲೂರಿನವರೆಗೆ ಹಳ್ಳಿ ಹಳ್ಳಿ ತಿರುಗಿ ರೈತರಿಗೆ ನಾಟಕ ಕಲಿಸುತ್ತಿದ್ದರು. ಎತ್ತಿಗೆ ಹೇಳಿದ ಧ್ವನಿಯಲ್ಲೇ ರಾಜನ ಮಾತು ಹೇಳುವವನನ್ನು ತಿದ್ದಿ ತಿದ್ದಿ ಸಿಂಹಾಸನದ ಮೇಲೆ ಕೂರಿಸುವ ಕೆಲಸ. ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಅಂದು ಬೆಳಿಗ್ಗೆ ಗಾಡಿಯ ಜೊತೆ ಬಂದವರು ಮಾಸ್ತರರಲ್ಲ, ಅವರ ಹೆಂಡತಿ ಗಿರಿಜವ್ವ. ತಮ್ಮನ ಕೈಲಿ ಗಾಡಿ ಓಡಿಸಿಕೊಂಡು ಬಂದಿದ್ದರು. ಅವನು ಗಾಡಿ ನಿಲ್ಲಿಸಿ ಪೇಟೆಗೆ ಹೋದ. ಸೈಡ್ ಸ್ಟ್ಯಾಂಡ್ ಮೇಲೆ ಗಾಡಿ ಎಷ್ಟು ವಾಲಿತೆಂದರೆ ನಾನು ಓಡಿಹೋಗಿ ಹಿಡಿದೆ.

"ಮುಂಡರಗ್ಯಾಗ ಬಿತ್ರಿ ಅಣ್ಣಾ," ಎಂದರು ಗಿರಿಜವ್ವ. "ಪೇಟಿ ಮ್ಯಾಲೇ ಬಿತ್ತು. ಎರಡು ಸ್ವರ ಹೋದುವು. ನೆಟ್ಟಗ ನಿಲ್ಲೂ ಹಂಗ ಮಾಡಿಕೊಡ್ರಿ. ನಾ ಬಂದಿದ್ದು ಮಾತ್ರ ಅವರಿಗೆ ಹೇಳಬ್ಯಾಡ್ರಿ."

ಗಂಡನ ಗಾಡಿ ಗಂಡನಿಗೆ ಗೊತ್ತಿಲ್ಲದೆ ರಿಪೇರಿ! ನನಗೆ ನಗು ಬಂತು. "ಯಾಕ್ರೆವ್ವಾ, ಮಾಸ್ತರ್ರು ಬೈತಾರೇನು?" ಎಂದೆ. ಅವರು ನಗಲಿಲ್ಲ. ಮಧ್ಯಾಹ್ನ ಫೋನ್ ಮಾಡಲು ಹೇಳಿ, ಅಲ್ಲೇ ಹತ್ತಿರದ ತವರುಮನೆಗೆ ಹೋದರು.

ಸೈಡ್ ಸ್ಟ್ಯಾಂಡ್ ಎಂಬುದು ಗಾಡಿಯ ಎಡಗಡೆಗೆ ಇರುವ ಒಂದು ಕಬ್ಬಿಣದ ಕಾಲು, ಅಷ್ಟೇ. ಗಾಡಿ ಅತಿಯಾಗಿ ವಾಲಿದರೆ ಕಾರಣಗಳೂ ನಾಲ್ಕೇ ನಾಲ್ಕು. ಸ್ಟ್ಯಾಂಡಿನ ಬೋಲ್ಟ್ ಸವೆದು ತೂತು ದೊಡ್ಡದಾಗಿರಬೇಕು, ಅದನ್ನು ಫ್ರೇಮಿಗೆ ಹಿಡಿದ ಬ್ರ್ಯಾಕೆಟ್ ಬಗ್ಗಿರಬೇಕು, ಯಾರೋ ದೊಡ್ಡ ಟೈರ್ ಹಾಕಿರಬೇಕು, ಇಲ್ಲವೇ ಸ್ಟ್ಯಾಂಡಿನ ಪಾದ ಸವೆದಿರಬೇಕು. ನಮ್ಮ ಕಡೆ ಇಷ್ಟೆಲ್ಲ ಯಾರೂ ನೋಡುವುದಿಲ್ಲ. ಕೆಳಗೊಂದು ತುಂಡು ವೆಲ್ಡಿಂಗ್ ಹೊಡೆದು ಕಳಿಸುತ್ತಾರೆ.

ನಾನು ಒಂದೊಂದೇ ನೋಡುತ್ತ ಬಂದೆ. ಬೋಲ್ಟ್ ಗಟ್ಟಿ, ಬ್ರ್ಯಾಕೆಟ್ ನೆಟ್ಟಗೆ, ಟೈರ್ ಸರಿಯಾದ ಅಳತೆಯದೇ. ಕೊನೆಗೆ ಸ್ಟ್ಯಾಂಡಿನ ಪಾದ ಬಿಚ್ಚಿ ಮಣ್ಣು ಒರೆಸಿದಾಗ ತಲೆ ಕೆಟ್ಟಿತು. ಒಂದು ಕಡೆ ತುಂಡು ಕೂಡಿಸಿದ ವೆಲ್ಡಿಂಗ್ ಗುರುತು. ಅದರ ಕೆಳಗೆ ಗರಗಸದಿಂದ ಕುಯ್ದ ಗುರುತು. ಅದಕ್ಕೇ ಮತ್ತೆ ತುಂಡು ಕೂಡಿಸಿದ್ದಾರೆ, ಅದನ್ನೂ ಮತ್ತೆ ಕುಯ್ದಿದ್ದಾರೆ. ವೆಲ್ಡಿಂಗ್ ಇಬ್ಬರ ಕೈಯದು. ಒಬ್ಬನದು ಸಾಫು, ಇನ್ನೊಬ್ಬನದು ಹಂಡಿ ಬೆಸುಗೆ ಹಾಕುವವನ ಹಾಗೆ. ಸವೆದದ್ದು ಎಲ್ಲೂ ಇಲ್ಲ. ಗಾಡಿ ನೆಟ್ಟಗೆ ನಿಲ್ಲಲೆಂದು ಒಬ್ಬರು ಉದ್ದ ಮಾಡಿಸಿದ್ದಾರೆ, ವಾಲಲೆಂದು ಇನ್ನೊಬ್ಬರು ಗಿಡ್ಡ ಮಾಡಿಸಿದ್ದಾರೆ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಏರಿಸಿ ಉಳಿದದ್ದನ್ನೂ ನೋಡಿದೆ. ಮುಂದಿನ ಬ್ರೇಕಿನ ಶೂ ಕಬ್ಬಿಣ ಕಾಣುವಷ್ಟು ಸವೆದಿತ್ತು. ಹಿಂದಿನದನ್ನು ಲಾಕ್‌ಡೌನಿಗೂ ಮೊದಲು ನಾನೇ ಹಾಕಿದ್ದೆ. ಅದು ಹಾಕಿದ ಹಾಗೇ ಇತ್ತು. ಈ ಗಾಡಿಯಲ್ಲಿ ಕಿಕ್ಕೂ ಗೇರೂ ಎಡಗಾಲಿಗೆ. ಬಲಗಾಲಿಗಿರುವ ಕೆಲಸ ಹಿಂದಿನ ಬ್ರೇಕ್ ಒಂದೇ. ಆ ಬ್ರೇಕನ್ನು ಮಾಸ್ತರರು ಒತ್ತಿಯೇ ಇರಲಿಲ್ಲ. ಹಿಂದಿನ ದೀಪದ ಗಾಜು ಒಡೆದಿತ್ತು, ಸೀಟಿನ ಎಡ ಅಂಚು ಹಿಮ್ಮಡಿ ತಾಗಿ ತಾಗಿ ಹರಿದಿತ್ತು. ಬೆಳಗಿನ ನನ್ನ ನಗು ಅಲ್ಲಿಗೆ ನಿಂತಿತು. ವೆಲ್ಡಿಂಗ್ ಮಷಿನ್ ಆನ್ ಮಾಡಲಿಲ್ಲ. ಪಾದವನ್ನು ಇದ್ದ ಹಾಗೇ ಮತ್ತೆ ಕೂಡಿಸಿ, ಗಾಡಿಯನ್ನು ಸೈಡ್ ಸ್ಟ್ಯಾಂಡಿಗೆ ಇಳಿಸಿ ಕುಳಿತೆ.

ಮಧ್ಯಾಹ್ನದ ಹೊತ್ತಿಗೆ ಆಟೋದಲ್ಲಿ ಮಾಸ್ತರರೇ ಬಂದಿಳಿದರು. ಮನೆಯ ಮುಂದೆ ಗಾಡಿ ಕಾಣದಿದ್ದಾಗ ಇಲ್ಲೇ ಇರುತ್ತದೆಂದು ಊಹಿಸಿದ್ದರು. ಧೋತರದ ಚುಂಗು ಹಿಡಿದು, ಬಲಗಾಲನ್ನು ಎಳೆಯುತ್ತ ಒಳಗೆ ಬಂದರು.

"ಬಸಣ್ಣ, ಅಕಿ ಹೇಳಿದ್ದು ಮಾಡಬ್ಯಾಡ. ಸ್ಟ್ಯಾಂಡ್ ಇನ್ನೊಂದು ಬಟ್ಟಿನಷ್ಟು ಕುಯ್ದು ಕೊಡು," ಎಂದರು.

"ಮಾಸ್ತರ್ರ, ಒಮ್ಮೆ ಹತ್ತಿ ತೋರಸ್ರಿ," ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಹ್ಯಾಂಡಲ್ ಹಿಡಿದು, ಎದೆಯನ್ನು ಟ್ಯಾಂಕಿನ ಮೇಲೆ ಒರಗಿಸಿ, ಬಲತೊಡೆಯ ಬಳಿ ಧೋತರವನ್ನು ಮುಷ್ಟಿಯಲ್ಲಿ ಹಿಡಿದು, ಚೀಲ ಎತ್ತಿದ ಹಾಗೆ ತಮ್ಮ ಕಾಲನ್ನು ತಾವೇ ಎತ್ತಿದರು. ಹಿಮ್ಮಡಿ ಸೀಟಿಗೆ ಸಿಕ್ಕಿಕೊಂಡಿತು. ಗಾಡಿ ಇನ್ನಷ್ಟು ವಾಲಿದ್ದರೆ ಕಾಲು ದಾಟುತ್ತಿತ್ತು. ಬೀಳುವ ಮೊದಲು ಅವರನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕಾಲಿನ ರೋಗಕ್ಕೆ ಅವರು ಸ್ಟ್ಯಾಂಡು ಕುಯ್ಯಿಸುತ್ತಿದ್ದರು.

"ಹುಬ್ಬಳ್ಳ್ಯಾಗ ತೋರಿಸೇನಿ," ಎಂದರು ಮಾಸ್ತರರು. "ನರದ ಬ್ಯಾನಿ ಅಂತ. ಮದ್ದಿಲ್ಲಂತ. ಮೊದಲ ಕಾಲು, ಆಮ್ಯಾಲೆ ಕೈ." ಕೈ ಎನ್ನುವಾಗ ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದರು. "ಸಿಂಗಟಾಲೂರಾಗ ನಾಟಕ ಹಿಡದೇನಿ. ಅದೊಂದು ದಂಡಿಗೆ ಹತ್ತಲಿ. ಅಲ್ಲೀತನ ಗಿರಿಜಾಗ ತಿಳೀಬಾರದು."

ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. ಕುಯ್ದರೆ ಅವರನ್ನು ದಾರಿಯಲ್ಲಿ ನಾನೇ ಕೆಡವಿದ ಹಾಗೆ. ಕುಯ್ಯದಿದ್ದರೆ ಆ ನಾಟಕವನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ. ಗಾಡಿಗೆ ಪಕ್ಕದ ಚಕ್ರ ಕೂಡಿಸಿಕೊಡುತ್ತೇನೆ ಎಂದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೊರಗೆ ಹೋಗಿ ಗಿರಿಜವ್ವನಿಗೆ ಫೋನ್ ಮಾಡಿ, ಮಾಸ್ತರರು ಬಂದಿದ್ದಾರೆ, ಬೇಗ ಬನ್ನಿ ಎಂದೆ.

ಅವರು ಬಂದಾಗ ಬಾಗಿಲಲ್ಲೇ ತಡೆದು, ಹೇಗೆ ಹೇಳಬೇಕೋ ತಿಳಿಯದೆ, "ಮಾಸ್ತರ್ರ ಕಾಲು..." ಎಂದು ತೊದಲಿದೆ.

"ಗೊತ್ತೈತ್ರಿ ಅಣ್ಣಾ," ಎಂದರು ಅವರು ಮೆಲ್ಲಗೆ. "ಬಲಗಾಲಿನ ಚಪ್ಪಲಿ ತುದಿ ನೋಡ್ರಿ, ನೆಲಕ್ಕ ಉಜ್ಜಿ ಸವದೈತಿ. ದಿನಾ ಬಾಗಲದಾಗ ಅದನ್ನ ನೋಡ್ತೇನಿ. ಲಕ್ಷ್ಮೇಶ್ವರದಾಗ ಒಮ್ಮೆ, ಮುಂಡರಗ್ಯಾಗ ಒಮ್ಮೆ ಸ್ಟ್ಯಾಂಡ್ ಉದ್ದ ಮಾಡಿಸಿದಾಕಿ ನಾನ. ಹತ್ತಾಕ ಆಗಲಿಲ್ಲಂದ್ರ ತಾವ ಬಾಯಿಬಿಟ್ಟು ಹೇಳ್ತಾರ ಅಂತ ಮಾಡಿದ್ದೆ. ಅವರು ಹೇಳವಲ್ರು, ಕುಯ್ಯಿಸಿಕೊಂಡು ಬರ್ತಾರ."

ಒಂದೇ ಮನೆಯಲ್ಲಿ, ಒಂದೇ ತಟ್ಟೆಗೆ ರೊಟ್ಟಿ ಹಾಕುವವರು ಮತ್ತು ಅದನ್ನು ತಿನ್ನುವವರು, ಹೇಳಬೇಕಾದದ್ದನ್ನು ಊರೂರಿನ ವೆಲ್ಡರ್‌ಗಳ ಕೈಲಿ ಹೇಳಿಕಳಿಸುತ್ತಿದ್ದರು. ನಾನು ಗಿರಿಜವ್ವನನ್ನು ಒಳಗೆ ಕರೆತಂದು ಮಾಸ್ತರರ ಪಕ್ಕದಲ್ಲೇ ಕೂರಿಸಿದೆ.

"ಈ ಸ್ಟ್ಯಾಂಡ್ ನಾ ಮುಟ್ಟೂದಿಲ್ಲ," ಎಂದೆ. "ಉದ್ದನೂ ಮಾಡೂದಿಲ್ಲ, ಗಿಡ್ಡನೂ ಮಾಡೂದಿಲ್ಲ. ಮೊದಲ ನಿಮ್ಮಿಬ್ಬರ ಮಾತು ಆಗ್ಲಿ."

ನಾನು ಬೆನ್ನು ತಿರುಗಿಸಿ ಸ್ಪ್ಯಾನರ್ ಒರೆಸುತ್ತ ನಿಂತೆ. ಇದ್ದ ಸ್ಪ್ಯಾನರ್‌ಗಳೆಲ್ಲ ಒರೆಸಿ ಮುಗಿದವು. ಆಮೇಲೆ ಮಾಸ್ತರರ ದನಿ ಕೇಳಿಸಿತು.

"ಗಿರಿಜಾ, ನನ್ನ ಕಾಲು ಹೋಗೇತಿ."

"ಹೂಂ. ನನಗ ಗೊತ್ತೈತಿ."

"ಕೈನೂ ಹೋಗ್ತಾವಂತ."

ಅದು ಆಕೆಗೆ ಗೊತ್ತಿರಲಿಲ್ಲ. ನಾನು ತಿರುಗಿ ನೋಡಿದಾಗ ಆಕೆ ಗಂಡನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು. ಸೆರಗು ಬಾಯಿಗೆ ಒತ್ತಿಕೊಳ್ಳಲು ಕೈ ಬಿಡುವಿರಲಿಲ್ಲ. ಅಳು ಹಾಗೆಯೇ ಹೊರಗೆ ಬಂತು. ನಾನೂ ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಕೊನೆಗೆ ಆಕೆಯೇ ಕಣ್ಣೊರೆಸಿಕೊಂಡು, "ಗಾಡಿ ಇಲ್ಲೇ ಇರ್ಲಿ. ಸಿಂಗಟಾಲೂರಿಗೆ ನಾನೂ ಬರ್ತೇನಿ. ಬಸ್ಸಿನ್ಯಾಗ ಹೋಗೂಣು. ನೀವು ಬಾರಸ್ರಿ, ಪೇಟಿಗೆ ಗಾಳಿ ನಾ ಹಾಕ್ತೇನಿ," ಎಂದರು. ಮಾಸ್ತರರು ಎದ್ದು, ಗಾಡಿಗೇ ಇದ್ದ ಕೀಲಿಕೈಯನ್ನು ತೆಗೆದು ನನ್ನ ಕಡೆ ಚಾಚಿದರು. ಅಷ್ಟು ವರ್ಷಗಳಲ್ಲಿ ಅವರು ಅದನ್ನು ಕೈಗೆ ಕೊಟ್ಟವರಲ್ಲ. ಟ್ಯಾಂಕಿನ ಮೇಲೆ ಇಟ್ಟು ಹೋಗುತ್ತಿದ್ದರು.

ಗಂಡ ಹೆಂಡತಿ ಹಾಗೆಯೇ ಹೋಗಿ ಬಂದು ಮಾಡಿದರು. ಬಸ್ಸು ಇಳಿದ ಕಡೆಯಿಂದ ಊರಿನವರು ಪೇಟಿ ಹೊತ್ತೊಯ್ಯುತ್ತಿದ್ದರಂತೆ. ಪೇಟಿಯ ಹಿಂದೆ ಗಿರಿಜವ್ವ ಕುಳಿತು ಗಾಳಿ ಹಾಕುವುದು, ಮುಂದೆ ಮಾಸ್ತರರು ಬಾರಿಸುವುದು. ಎಲ್ಲವೂ ಸುಖವಾಗಿ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಆದರೆ ನಾಟಕದ ದಿನದ ಹೊತ್ತಿಗೆ ಮಾಸ್ತರರ ಬಲಗೈಯ ಎರಡು ಬೆರಳು ಮಾತು ಕೇಳುತ್ತಿರಲಿಲ್ಲ. ಪೇಟಿಗೆ ಶಿರಹಟ್ಟಿಯಿಂದ ಇನ್ನೊಬ್ಬರನ್ನು ಕರೆಸಿದ್ದರು. ಮಾಸ್ತರರು ಅವರ ಪಕ್ಕದಲ್ಲಿ ಕುಳಿತು ಬಾಯಿಯಲ್ಲೇ ಸ್ವರ ಹೇಳಿಕೊಟ್ಟರು. ಜನ ನಾಟಕ ನೋಡಿದರು. ನಾಟಕಕ್ಕೆ ಹೋಗಿದ್ದ ನಾನು ಆ ಗಂಡ ಹೆಂಡತಿಯನ್ನೇ ನೋಡುತ್ತಿದ್ದೆ.

ಮರುವರ್ಷ ಮಾಸ್ತರರು ತೀರಿಕೊಂಡರು. ಕೊನೆಕೊನೆಗೆ ಮಾತೂ ನಿಂತಿತ್ತು.

ಇಷ್ಟು ವರ್ಷದ ಕಸುಬಿನಲ್ಲಿ ಆ ಸ್ಟ್ಯಾಂಡಿನಷ್ಟು ನನಗೆ ಕಲಿಸಿದ ವಸ್ತು ಇನ್ನೊಂದಿಲ್ಲ. ದೋಷ ಕಂಡ ಕೂಡಲೇ ಸರಿಪಡಿಸುವುದು ಅರ್ಧ ಕೆಲಸ. ಆ ದೋಷದ ಮೇಲೆ ಯಾರು ಭಾರ ಹಾಕಿ ನಿಂತಿದ್ದಾರೆಂದು ಕೇಳುವುದು ಉಳಿದರ್ಧ. ಕೇಳಿದ್ದರಿಂದ ನಾನು ಮಾಸ್ತರರ ಕಾಲನ್ನೇನೂ ಉಳಿಸಲಿಲ್ಲ, ಕೈಯನ್ನೂ ಉಳಿಸಲಿಲ್ಲ. ಮೆಕ್ಯಾನಿಕ್ ಕೈಯಲ್ಲಿ ಅದೆಲ್ಲ ಇಲ್ಲ.

ದಿನ ಕರ್ಮ ಮುಗಿದ ಮೇಲೆ ಗಿರಿಜವ್ವ ಒಮ್ಮೆ ಗ್ಯಾರೇಜಿಗೆ ಬಂದಿದ್ದರು. ಚಹಾ ತರಿಸಿದೆ. ಅರ್ಧ ಕುಡಿದು ಲೋಟ ಕೆಳಗಿಟ್ಟು ಹೇಳಿದರು: "ನೀವು ಅವತ್ತು ಸ್ಟ್ಯಾಂಡ್ ಸರಿ ಮಾಡಿದ್ರ, ಅಣ್ಣಾ, ಅವರು ಹೇಳದ ಹೋಗ್ತಿದ್ರು. ನಾ ಕೇಳದ ಉಳೀತಿದ್ದೆ."