ದೊರಸಾನಮ್ಮನ ತೂಬಿಗೊಂದು ಅಡಿಟಿಪ್ಪಣಿ

ವಿಕಿಪೀಡಿಯದಲ್ಲಿ ನಾನು ಬರೆದ ಲೇಖನಕ್ಕೆ ಫೋಟೊ ತೆಗೆಯಲು ದೇವರಾಯಸಮುದ್ರದ ಕೆರೆಗೆ ಹೋಗಿದ್ದೆ. ಏರಿಯ ಮೇಲೆ ಹಸು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದರು. "ಈ ತೂಬು ಕಟ್ಟಿಸಿದ್ದು ಯಾರೋ ದೊರೆಯಂತೆ ಅಜ್ಜಿ, ಈ ಊರಿನ ಚರಿತ್ರೆಯ ಪುಸ್ತಕದಲ್ಲಿದೆ" ಅಂದೆ.

"ಯಾವ ದೊರೇನಮ್ಮಾ? ಕಟ್ಸಿದ್ದು ದೊರಸಾನಮ್ಮ. ಆ ಪುಸ್ತಕದಾಯಪ್ಪ ನಮ್ಮ ಜಗಲಿ ಮೇಲೇ ಕೂತ್ಕೊಂಡು ನಮ್ಮತ್ತೇನ ಕೇಳಿ ಬರ್ಕೊಂಡೋದ. ಹೆಂಗಸು ಕಟ್ಸಿದ್ಳು ಅಂದ್ರೆ ಅವನಿಗೆ ನಂಬಿಕೆ ಬರ್ಲಿಲ್ಲ."

ಮನೆಗೆ ಬಂದು ಅಜ್ಜಿಯ ಮಾತನ್ನು ಅಡಿಟಿಪ್ಪಣಿಯಾಗಿ ಸೇರಿಸಿದೆ. ಗಂಟೆಯೊಳಗೆ ಯಾರೋ ಸಂಪಾದಕರು ಅದನ್ನು ಅಳಿಸಿ, "ಬಾಯಿಮಾತು ಆಧಾರವಲ್ಲ" ಎಂದು ಬರೆದಿದ್ದರು.

ನಾನು ಬಿಡಲಿಲ್ಲ. ಪುಸ್ತಕ ತೆರೆದು ನೋಡಿದರೆ, ಕೆರೆಯ ಸಂಗತಿಯನ್ನೆಲ್ಲ ಊರಿನ ಹಿರಿಯ ಹೆಂಗಸೊಬ್ಬರಿಂದ ಕೇಳಿ ಬರೆದೆ ಎಂದು ಮುನ್ನುಡಿಯಲ್ಲಿ ಲೇಖಕರೇ ಒಪ್ಪಿಕೊಂಡಿದ್ದರು! ಟಿಪ್ಪಣಿಯನ್ನು ಮತ್ತೆ ಹಾಕಿ, ಈ ಸಲ ಅದರೊಳಗೇ ಮುನ್ನುಡಿಯ ಪುಟದ ಉಲ್ಲೇಖವನ್ನೂ ಕೂರಿಸಿದೆ. ಚರ್ಚಾಪುಟದಲ್ಲಿ, "ಬಾಯಿಮಾತು ಬೇಡವೆಂದರೆ ದೊರೆಯನ್ನೂ ಅಳಿಸಿ" ಎಂದೆ.

ಉತ್ತರ ಇನ್ನೂ ಬಂದಿಲ್ಲ, ಟಿಪ್ಪಣಿ ಅಲ್ಲೇ ಇದೆ. ದಿನಾ ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು ಒಮ್ಮೆ ನೋಡಿಕೊಳ್ಳುತ್ತೇನೆ. ಅಳಿಸಿದರೆ ಮತ್ತೆ ಅಂಟಿಸಲು ನಕಲು ಇಟ್ಟುಕೊಂಡಿದ್ದೇನೆ. ಹಾಲು ಮಾತ್ರ ಎರಡು ಸಲ ಉಕ್ಕಿದೆ.