ಹತ್ತು ಲಕ್ಷದ ಮೂರರ ಮುಂದಿನ ಖಾಲಿ ಜಾಗ

ಮುದ್ರಣಾಲಯದಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದ ಅವಳನ್ನು ಎಲ್ಲರೂ ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು. ಯಾವ ಸಾಲನ್ನೂ ಒಂದು ಗಳಿಗೆ ನಿಲ್ಲದೆ ದಾಟಿದವಳಲ್ಲ. ಐವತ್ತೈದು ತುಂಬಿದ ವರ್ಷ ಮಾತ್ರ, ಒಂದೇ ಪುಟ ಎರಡು ಸಲ ಅಚ್ಚಾದದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಅಮ್ಮನಿಗೆ ಮರೆವು ಹಿಡಿದದ್ದೂ ಅದೇ ವಯಸ್ಸಿನಲ್ಲಿ. ಕೊನೆಕೊನೆಗೆ ಏನು ಕೇಳಿದರೂ ಅಮ್ಮ “ಆಯ್ತು, ಬಾಗಿಲು ಹಾಕು” ಎನ್ನುತ್ತಿದ್ದಳು.

ಆಗ ಬಂದದ್ದು ಗಣಿತದ ಕೋಷ್ಟಕಗಳ ಪುಸ್ತಕ. ಪ್ರತಿ ಸಂಖ್ಯೆಯ ಮುಂದೆ, ಒಂದನ್ನೂ ಆ ಸಂಖ್ಯೆಯನ್ನೂ ಬಿಟ್ಟು, ಅದನ್ನು ಪೂರ್ತಿ ಭಾಗಿಸುವ ಅತಿ ಚಿಕ್ಕ ಸಂಖ್ಯೆ. ಅಂಥದ್ದು ಇಲ್ಲದಿದ್ದರೆ ಅಡ್ಡಗೆರೆ. 1000003ರ ಮುಂದೆ ಎರಡೂ ಇರಲಿಲ್ಲ. ಕೇಳೋಣವೆಂದರೆ ಬರೆದವರು ತೀರಿಹೋಗಿದ್ದರು.

ಊಟದ ಬಿಡುವಿನಲ್ಲಿ ಅವಳೇ ಭಾಗಿಸಲು ಕೂತಳು. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಹನ್ನೊಂದರಿಂದಲೂ ನಾಲ್ಕು. ಹದಿಮೂರರಿಂದಲೂ ನಾಲ್ಕು. ಮೂರನ್ನೂ ಮತ್ತೆ ಮಾಡಿ ನೋಡಿದಳು; ಬದಲಾಗಲಿಲ್ಲ. ಹದಿನೇಳಕ್ಕೆ ಹನ್ನೆರಡು ಉಳಿದಾಗ ಸಮಾಧಾನವಾಯಿತು. ಮೂವತ್ತೇಳಕ್ಕೆ ಮತ್ತೆ ಅದೇ ನಾಲ್ಕು. ಏನು ಕೇಳಿದರೂ ಒಂದೇ ಉತ್ತರ, ಅಮ್ಮನ ಹಾಗೆ.

ಹಾಳೆ ಹಿಡಿದು ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು.

“ಅಕ್ಕಾ, ನನಗೂ ಶುರುವಾಯ್ತು ಅನ್ಸುತ್ತೆ.”

ಅಕ್ಕ ಹಾಳೆ ನೋಡಿದಳು. “ಸರಿಯಾಗೇ ಇದೆಯಲ್ಲೇ. ಸಾಲಾಗಿ ಆರು ಸಲ ಒಂಬತ್ತು ಬರಿ. ಏಳು, ಹನ್ನೊಂದು, ಹದಿಮೂರು, ಮೂವತ್ತೇಳು, ಎಲ್ಲಾ ಅದನ್ನ ಪೂರ್ತಿ ಭಾಗಿಸುತ್ವೆ. ನಿನ್ನ ಸಂಖ್ಯೆ ಅದಕ್ಕಿಂತ ನಾಲ್ಕು ಜಾಸ್ತಿ. ನಾಲ್ಕಲ್ದೆ ಇನ್ನೇನು ಉಳಿಯುತ್ತೆ?”

“ಹಾಗಾದ್ರೆ ಅಡ್ಡಗೆರೆ ಹಾಕ್ಲಾ?”

“ಈಗ್ಲೇ ಬೇಡ. ಸಾವಿರದ ಒಳಗಿನ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ನೋಡ್ಬೇಕು. ನೂರ ಅರವತ್ತೆಂಟು ಇವೆ. ಅದರಾಚೆ ಬೇಡ; ಸಾವಿರಕ್ಕಿಂತ ದೊಡ್ಡವು ಎರಡನ್ನ ಗುಣಿಸಿದ್ರೆ ಇದನ್ನ ದಾಟಿಹೋಗುತ್ತೆ.”

ಮೂರು ದಿನ ಇಬ್ಬರೂ ಬೇರೆಬೇರೆ ಹಾಳೆಯಲ್ಲಿ ಭಾಗಿಸಿದರು. ಕೊನೆಯ 997ಕ್ಕೆ ಹನ್ನೆರಡು ಉಳಿಯಿತು. ಯಾವುದೂ ಪೂರ್ತಿ ಭಾಗಿಸಲಿಲ್ಲ.

“ನೀನು ಎರಡು ಕಡೆ ಕಳೆಯೋದು ತಪ್ಪಿದೀಯ,” ಎರಡೂ ಹಾಳೆ ಹೋಲಿಸಿ ಅಕ್ಕ ಹೇಳಿದಳು.

ಅವಳು ಹಾಳೆ ಎಳೆದುಕೊಂಡಳು. “ಎರಡಾ?”

“ನಾನು ಮೂರು ಕಡೆ ತಪ್ಪಿದೀನಿ. ಮೇಷ್ಟ್ರಮ್ಮ ಅಂತ ಹೆಸರು ಬೇರೆ.”

ಅವಳು ನಗಲು ಹೋಗಿ ಅತ್ತಳು. “ನಾಳೆ ಡಾಕ್ಟರ ಹತ್ರ ನನ್ ಜೊತೆ ಬರ್ತೀಯಾ?”

ತಪ್ಪಿದ ಲೆಕ್ಕಗಳನ್ನು ತಿದ್ದಿ ಅವಳು 1000003ರ ಮುಂದೆ ಅಡ್ಡಗೆರೆ ಎಳೆದಳು. ಮರುದಿನ ಅಕ್ಕ ಜೊತೆಗೆ ಹೋದಳು. ಸದ್ಯಕ್ಕೆ ಏನೂ ಇಲ್ಲ, ವರ್ಷ ಬಿಟ್ಟು ಬನ್ನಿ ಎಂದರು ಡಾಕ್ಟರು. ಆ ‘ಸದ್ಯಕ್ಕೆ’ ಎಂಬ ಮಾತು ಅವಳನ್ನು ಬಿಡಲಿಲ್ಲ. ಮುಂದೆ ಏಳು ವರ್ಷ ಅವಳು ಕರಡು ತಿದ್ದಿದಳು; ಪ್ರತಿ ವರ್ಷ ಡಾಕ್ಟರ ಪರೀಕ್ಷೆಯ ಹಿಂದಿನ ದಿನ, ತಿದ್ದಿ ಮುಗಿಸಿದ ಕರಡನ್ನು ಮತ್ತೆ ಮೊದಲಿಂದ ತಿದ್ದುತ್ತಿದ್ದಳು.